ಅತ್ತೆಯ ಚೆಂಡುಹೂ ಹಳದಿ

ನಮ್ಮ ಮನೆಯ ಗೋಡೆ ಕ್ಯಾಲೆಂಡರು ತಾರೀಖು ನೋಡುವುದಕ್ಕಿಂತ ಹೆಚ್ಚಾಗಿ ಬರೆದಿಡುವುದಕ್ಕೆ ಇದೆ. ಹೊಸ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅತ್ತೆಯ ಕಣ್ಣಿನ ಡ್ರಾಪ್ಸಿನ ಬಾಟಲಿ ತೆರೆದ ದಿನ, ಹೂವಿನವಳು ಬಾರದ ದಿನ, ಉಪ್ಪಿನಕಾಯಿ ಜಾಡಿಗೆ ಎಣ್ಣೆ ಹಾಕಿದ ದಿನ, ಎಲ್ಲವೂ ಅದರ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಇರುತ್ತವೆ. ಇಪ್ಪತ್ತೆರಡು ವರ್ಷ ಶೇಷಾದ್ರಿಪುರದ ಒಂದು ಕಾಲೇಜಿನ ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದವಳಿಗೆ ಅಂಟಿದ ಚಾಳಿ ಅದು. ಕೆಲಸ ಬಿಟ್ಟು ಚಾಮರಾಜಪೇಟೆಯ ಮನೆಯಲ್ಲಿ ಕೂತ ಮೇಲೂ ಹೋಗಿಲ್ಲ. ಕಳೆದ ದಸರೆಯಲ್ಲಿ ನಾನು ಸಿಕ್ಕಿಬಿದ್ದದ್ದು ಆ ಪೆನ್ಸಿಲಿನ ಬರಹದಿಂದಲೇ.

ಅತ್ತೆಗೆ ಎಪ್ಪತ್ತೊಂಬತ್ತು. ಕಾಟನ್‌ಪೇಟೆಯಲ್ಲಿ ನಮ್ಮ ಸೀರೆ ಅಂಗಡಿ ಇದ್ದಾಗ ಮೂವತ್ತು ವರ್ಷ ಮಾವನವರ ಪಕ್ಕದಲ್ಲಿ ಕೂತು ಸೀರೆ ಬಿಚ್ಚಿ ತೋರಿಸಿದವರು. ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಆದರೆ ಬಣ್ಣಗಳ ಹೆಸರು ಅವರ ಬಾಯಲ್ಲಿ ಹಾಗೇ ಉಳಿದಿವೆ. ಈಗಿನವರು ಲೈಟ್ ಪಿಂಕ್, ಡಾರ್ಕ್ ಪಿಂಕ್ ಎಂದು ಎರಡರಲ್ಲಿ ಮುಗಿಸುವುದನ್ನು ಅವರು ಈರುಳ್ಳಿಸಿಪ್ಪೆ, ದಾಳಿಂಬೆ, ತಾವರೆ, ಗುಲಾಬಿ ಎಂದು ಬಿಡಿಸಿ ಹೇಳುತ್ತಾರೆ. ಹಸಿರಿನಲ್ಲಿ ಗಿಣಿಹಸಿರು ಬೇರೆ, ಮಾವಿನಚಿಗುರು ಬೇರೆ, ನೀಲಿ ಬೆರೆತ ರಾಮಾಹಸಿರು ಬೇರೆ. ಎರಡು ವರ್ಷದ ಹಿಂದೆ ಒಂದು ದಿನ ಅವರೇ ಅಂದರು: "ಇದನ್ನೆಲ್ಲ ಬರೆದಿಡ್ಬೇಕು ಕಣೇ. ನನ್ ಜೊತೆ ಹೋದ್ರೆ ಆಮೇಲೆ ಎಲ್ಲಾ ಸೀರೇನೂ ಪಿಂಕೇ."

ಬರೆಯುವುದು ಹೇಗೆ ಎನ್ನುವುದೇ ತೊಡಕಾಗಿತ್ತು. ಅತ್ತೆಯ ಕಣ್ಣಿನ ನಡುಭಾಗ ಮಸುಕು. ಕಾಗದದ ಮೇಲಿನ ಅಕ್ಷರ ಅವರಿಗೆ ಕಾಣುವುದೇ ಇಲ್ಲ. ಕೈ ನಡುಗುವುದರಿಂದ ಕಂಪ್ಯೂಟರಿನ ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಬೆಲ್ಲ ಕಂಡ ಇರುವೆಯ ಹಾಗೆ ಓಡಾಡುತ್ತದೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬರು ಇದಕ್ಕೆ ಉಪಾಯ ಹುಡುಕಿದರು. ಹಳೆಯ ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ಎನ್ನುವ ಕಪ್ಪು ಕಿಟಕಿ ತೆರೆದು, ಅದರೊಳಗೆ ಮೌಸಿನ ಹಂಗಿಲ್ಲದ, ಬರೀ ಕೀಲಿಗಳಿಂದಲೇ ನಡೆಯುವ ಒಂದು ಹಳೆಯ ಎಡಿಟರ್, ಅಂದರೆ ಬರೆದು ತಿದ್ದುವ ತಂತ್ರಾಂಶ, ಹಾಕಿಕೊಟ್ಟರು. ಕಪ್ಪು ನೆಲ, ಹಳದಿ ಅಕ್ಷರ, ಒಂದೊಂದು ಅಕ್ಷರವೂ ಹೆಬ್ಬೆರಳಷ್ಟು ದಪ್ಪ. ಒತ್ತಕ್ಷರಗಳು ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಅತ್ತೆ ಅದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದರು.

ಆ ಸಹೋದ್ಯೋಗಿ ಇನ್ನೊಂದು ಚಮತ್ಕಾರವನ್ನೂ ಮಾಡಿದ್ದರು. ಆ ಎಡಿಟರಿಗೆ ತನ್ನದೇ ಸಹಾಯದ ಕಡತಗಳಿವೆ. ಯಾವುದಾದರೂ ಪದ ಕೊಟ್ಟು ಸಹಾಯ ಕೇಳಿದರೆ ನೇರವಾಗಿ ಆ ಪದ ಇರುವ ಜಾಗವನ್ನು ತೆರೆದು ತೋರಿಸುತ್ತದೆ. ಅತ್ತೆಯ ಬಣ್ಣಗಳ ಪಟ್ಟಿಯನ್ನೂ ಅದೇ ವ್ಯವಸ್ಥೆಗೆ ಸೇರಿಸಿಬಿಟ್ಟರು. ಎಫ್-2 ಕೀಲಿ ಒತ್ತಿ 'ದಾಳಿಂಬೆ' ಎಂದು ಬರೆದರೆ ಸಾಕು, ದಾಳಿಂಬೆ ಬಣ್ಣದ ಪುಟ ಕಣ್ಣೆದುರು. ಹುಡುಕುವ ಕಷ್ಟವಿಲ್ಲ. ಅತ್ತೆ ಪ್ರತಿದಿನ ಬೆಳಿಗ್ಗೆ ಪೂಜೆ ಮುಗಿಸಿ, ಕಾಫಿ ಕುಡಿದು, ಒಂದು ಬಣ್ಣ ಬರೆಯುತ್ತಿದ್ದರು. ನೂರರ ಹತ್ತಿರ ಬಂದಿತ್ತು.

ಅಷ್ಟರಲ್ಲಿ ನಮ್ಮ ಬೀದಿಯ ಹೆಂಗಸರ ಕೂಟದವರು, ದಸರೆ ಮುಗಿದ ಭಾನುವಾರ ಬಂದು ಇದನ್ನು ಓದಬೇಕು ಎಂದು ಅತ್ತೆಯನ್ನು ಕರೆದರು. ಅತ್ತೆ ಜೀವಮಾನದಲ್ಲಿ ನಾಲ್ಕು ಜನರ ಮುಂದೆ ನಿಂತು ಮಾತಾಡಿದವರಲ್ಲ. "ನಾನೇನು ಓದೋದು, ನೀನೇ ಓದು" ಅಂದರು. ಮರುದಿನ ನೋಡಿದರೆ ಉಡುವ ಸೀರೆಯನ್ನು ಬೀರುವಿನಿಂದ ತೆಗೆದು ಮಂಚದ ಮೇಲೆ ಇಟ್ಟಿದ್ದರು. ಲ್ಯಾಪ್‌ಟಾಪು ಹೊತ್ತುಕೊಂಡು ಹೋಗುವುದು, ಅತ್ತೆ ಪರದೆ ನೋಡಿ ಓದುವುದು ಎಂದು ತೀರ್ಮಾನವಾಯಿತು.

ಆಯುಧಪೂಜೆಯ ದಿನ ಎಲ್ಲರ ಮನೆಯಂತೆ ನಮ್ಮಲ್ಲೂ ಮಿಕ್ಸಿ, ಹೊಲಿಗೆ ಯಂತ್ರ, ಸ್ಕೂಟರಿನ ಜೊತೆಗೆ ಲ್ಯಾಪ್‌ಟಾಪಿಗೂ ವಿಭೂತಿ, ಕುಂಕುಮ, ಸೇವಂತಿಗೆ. ಪೂಜೆಗಿಟ್ಟ ಮೇಲೆ ಮರುದಿನ ವಿಜಯದಶಮಿಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಆ ದಿನ ನಾವು ಚಟ್ನಿಯನ್ನೂ ಒರಳಿನಲ್ಲೇ ರುಬ್ಬುತ್ತೇವೆ.

ಮಂಗಳವಾರ, ವಿಜಯದಶಮಿಯ ಬೆಳಿಗ್ಗೆ, ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ನಡುಮನೆಯಿಂದ ಅತ್ತೆಯ ದನಿ ಬಂತು.

"ಏನೇ, ಬಾ ಇಲ್ಲಿ. ಇದು ಬಿಳೀ ಹಾಳೆ ಆಗ್ಬಿಟ್ಟಿದೆ."

ಹೋಗಿ ನೋಡಿದೆ. ಕಪ್ಪು ಕಿಟಕಿ ಬೆಳ್ಳಗಾಗಿತ್ತು. ಅಕ್ಷರಗಳು ಒಲೆಯ ಮೇಲಿನ ಸಾಸಿವೆಯಷ್ಟೇ ಇದ್ದವು. ಬಣ್ಣದ ಪಟ್ಟಿ ತೆರೆದರೆ ಕನ್ನಡವೇ ಇಲ್ಲ. ಪ್ರಶ್ನೆಚಿಹ್ನೆಗಳು, ತಲೆಯ ಮೇಲೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು. ಸಾಲು ಮೇಲಕ್ಕೆ ಹೋಗಲೆಂದು ಬಾಣದ ಕೀಲಿ ಒತ್ತಿದರೆ ಮೇಲೆ ಹೋಗುವ ಬದಲು ಹೊಸ ಸಾಲಿನಲ್ಲಿ ಒಂದು 'ಎ' ಬಂದು ಕೂರುತ್ತಿತ್ತು. ಕೆಳಗಿನ ಬಾಣಕ್ಕೆ 'ಬಿ'. ಅಳಿಸಲು ಹೋದರೆ ಅಳಿಯದು. ಎಫ್-2 ಸತ್ತೇ ಹೋಗಿತ್ತು. ಕೈಯಾರೆ ಟೈಪ್ ಮಾಡಿ ಸಹಾಯ ಕೇಳಿದರೆ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಕ್ಷಮಿಸಿ, ಇದಕ್ಕೆ ಸಹಾಯವಿಲ್ಲ.

ಅತ್ತೆ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮೆಲ್ಲಗೆ ಹೇಳಿದರು: "ನಾನೇ ಕಣೇ ಹಾಳು ಮಾಡಿದ್ದು."

"ನೀವೇನು ಮಾಡಿದ್ರಿ ಅತ್ತೆ?"

"ನಿನ್ನೆ ಕುಂಬಳಕಾಯಿ ಒಡೆಯಕ್ಕೆ ನೀವೆಲ್ಲ ಬಾಗಿಲಿಗೆ ಹೋದ್ರಲ್ಲ, ಆಗ ಮುಚ್ಚಳ ತೆಗೆದೆ. ಒಂದು ಬಣ್ಣ ನೆನಪಾಗಿತ್ತು. ಆಮೇಲೆ ಪೂಜೆಗಿಟ್ಟಿದ್ದು ಮುಟ್ಟಬಾರದು ಅಂತ ಭಯ ಆಗಿ ಮುಚ್ಚಿಬಿಟ್ಟೆ. ಕಡ್ಲೆಪುರಿ ಬೇರೆ ಒಳಗೆ ಬಿತ್ತೋ ಏನೋ."

ಕೀಲಿಗಳ ಸಂದಿಯಲ್ಲಿ ನಿಜಕ್ಕೂ ಒಂದು ಕಡ್ಲೆಪುರಿ ಕಾಳಿತ್ತು. ಹೇರ್‌ಪಿನ್ನಿನಿಂದ ತೆಗೆದೆ. ಅತ್ತೆ ಅದನ್ನೇ ಅಪರಾಧದ ಸಾಕ್ಷಿಯೆಂಬಂತೆ ನೋಡಿದರು. "ಭಾನುವಾರ ಬರಲ್ಲ ಅಂತ ಅವರಿಗೆ ಹೇಳ್ಬಿಡು. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ನಂಗೆ" ಎಂದು ಎದ್ದು ಕೋಣೆಗೆ ಹೋದರು. ಮಂಚದ ಮೇಲಿನ ಸೀರೆ ಬೀರುವಿಗೆ ಹೋದ ಸದ್ದು ಕೇಳಿಸಿತು.

ನಮ್ಮ ಯಜಮಾನರು ಉಪ್ಪಿಟ್ಟು ತಿನ್ನುತ್ತಾ, "ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ತಗೊಂಡೋಗಿ ಕೊಟ್ಟರೆ ಅರ್ಧ ಗಂಟೇಲಿ ಫಾರ್ಮ್ಯಾಟ್ ಮಾಡಿ ಹೊಸದರ ಥರ ಕೊಡ್ತಾರೆ" ಅಂದರು.

"ಹೊಸದರ ಥರ ಬೇಡ ರೀ, ಹಳೇದರ ಥರಾನೇ ಬೇಕು."

"ಸರಿ, ನೀನೇ ಬಿಚ್ಚಿ ಕೂತ್ಕೋ. ಮಿಕ್ಸಿ ಬಿಚ್ಚಿದ್ಯಲ್ಲ, ಅದು ಇನ್ನೂ ಹಾಡ್ತಾನೇ ಇದೆ."

ಫಾರ್ಮ್ಯಾಟ್ ಎಂದು ಎಲ್ಲ ಅಳಿಸಿದರೂ ಪಟ್ಟಿಯನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಉಳಿಸಿಕೊಳ್ಳಬಹುದು, ನಿಜ. ಆದರೆ ಅತ್ತೆಯ ಕಣ್ಣಿಗೆ ಹೊಂದಿದ ಆ ಕಪ್ಪು, ಆ ಹಳದಿ, ಆ ಎಫ್-2 ಯಾವ ಅಂಗಡಿಯವನಿಗೆ ಗೊತ್ತಿರುತ್ತದೆ? ಮಾಡಿಕೊಟ್ಟ ಸಹೋದ್ಯೋಗಿಗೇ ಫೋನ್ ಮಾಡಿದೆ. ಅವರು ಹೆಂಡತಿಯ ಜೊತೆ ಕಾಶಿಗೆ ಹೊರಟು ರೈಲಿನಲ್ಲಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಗಾಬರಿ ಆಗ್ಬೇಡಿ ಮೇಡಂ. ಹೆಲ್ಪ್ ಓದಿ, ಎಲ್ಲಾ ಅದರಲ್ಲೇ ಇದೆ."

"ಸಾರ್, ಹೆಲ್ಪೇ ತೆರೀತಿಲ್ಲ ಅಂತಾನೇ ಫೋನ್ ಮಾಡಿದ್ದು."

"ಹಾಗಾದ್ರೆ ಹೆಲ್ಪ್ ಯಾಕೆ ತೆರೀತಿಲ್ಲ ಅನ್ನೋದೂ ಹೆಲ್ಪಲ್ಲೇ..." ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಆಮೇಲೆ ಮೂರು ದಿನ ಅವರು ಸಿಗಲಿಲ್ಲ.

ಅವತ್ತು ಮಧ್ಯಾಹ್ನ ಸುಲಭದ್ದನ್ನು ಮೊದಲು ಮಾಡಿದೆ. ಟರ್ಮಿನಲ್ಲಿನ ಮೆನುವಿನಲ್ಲಿ ಹುಡುಕಿ ಅಕ್ಷರದ ಗಾತ್ರ ಹೆಚ್ಚಿಸಿದೆ, ನೆಲ ಕಪ್ಪು ಮಾಡಿದೆ, ಅಕ್ಷರಕ್ಕೆ ಹಳದಿ ಆರಿಸಿದೆ. ಅತ್ತೆ ಬಚ್ಚಲಮನೆಗೆ ಹೋಗುವವರು ಒಂದು ಗಳಿಗೆ ನಿಂತು, ಓರೆಗಣ್ಣಿನಲ್ಲಿ ನೋಡಿದರು. ನೇರ ನೋಡಿದರೆ ಅವರಿಗೆ ಕಾಣದು.

"ಅದು ನಿಂಬೆಹಣ್ಣಿನ ಹಳದಿ. ಕಣ್ಣಿಗೆ ಚುಚ್ಚುತ್ತೆ. ನಮ್ಮದು ಚೆಂಡುಹೂವಿಂದು" ಅಂದು ಹೊರಟುಹೋದರು.

ನನಗೆ ಅಷ್ಟು ಸಾಕಾಗಿತ್ತು. ಪೂರ್ತಿ ಕೈಬಿಟ್ಟವರು ಹಳದಿಯನ್ನು ತಿದ್ದುವುದಿಲ್ಲ. ಬಾಗಿಲ ತೋರಣದಿಂದ ಒಂದು ಚೆಂಡುಹೂ ಕಿತ್ತು ತಂದು ಪರದೆಯ ಪಕ್ಕ ಹಿಡಿದು, ಮೆನುವಿನಲ್ಲಿ ಬಣ್ಣ ಬದಲಿಸುವ ಗುಂಡಿಯನ್ನು ಒಂದೊಂದೇ ಕೂದಲಷ್ಟು ಸರಿಸಿ ಅದಕ್ಕೆ ಹೊಂದಿಸಿದೆ.

ಬುಧವಾರ ಬೆಳಿಗ್ಗೆ ಗ್ಯಾಸ್ ಖಾಲಿಯಾಯಿತು. ಹೊಸ ಸಿಲಿಂಡರ್ ಹಚ್ಚಿ ಕ್ಯಾಲೆಂಡರಿನಲ್ಲಿ ಬರೆಯಲು ಪೆನ್ಸಿಲು ಎತ್ತಿದವಳ ಕಣ್ಣು ಹಿಂದಿನ ಭಾನುವಾರದ ಚೌಕದ ಮೇಲೆ ಬಿತ್ತು. ನನ್ನದೇ ಅಕ್ಷರ: 'ಅಟ್ಟ. ದೇವರ ಸಾಮಾನು. ಅತ್ತೆ ಕಂಪ್ಯೂಟರ್ ಒಳಗಿನ ಕಸ. ಎಲ್ಲ ಆಯಿತು.'

ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಆಯುಧಪೂಜೆಗೆ ಮುಂಚೆ ಮನೆ ಗುಡಿಸಿ ತೊಳೆಯುವುದು ನಮ್ಮಲ್ಲಿ ನಡೆದುಬಂದದ್ದು. ಪೂಜೆಗಿಡುವ ವಸ್ತು ಧೂಳು ಹಿಡಿದಿರಬಾರದು. ಅಟ್ಟ ಮುಗಿಸಿ, ಅದೇ ಹುರುಪಿನಲ್ಲಿ ಲ್ಯಾಪ್‌ಟಾಪಿನ ಮೇಲೂ ಒರೆಸಿ, ಒಳಗೂ ಕ್ಲೀನ್ ಮಾಡೋಣವೆಂದು ಫೋಲ್ಡರ್ ತೆರೆದಿದ್ದೆ. ಕೈತಪ್ಪಿ ಯಾವುದೋ ಕೀಲಿ ಒತ್ತಿದಾಗ, ಅದುವರೆಗೆ ಕಾಣದಿದ್ದ ಕಡತಗಳು, ಬೀರು ಸರಿಸಿದಾಗ ಜಿರಲೆಗಳು ಕಾಣುವ ಹಾಗೆ ಒಮ್ಮೆಲೇ ಕಾಣಿಸಿಕೊಂಡಿದ್ದವು. ಒಂದೊಂದರ ಹೆಸರಿನ ಮುಂದೆಯೂ ಒಂದು ಚುಕ್ಕೆ. ಯಾರೋ ಬೇಡವೆಂದು ಬಚ್ಚಿಟ್ಟ ಕಸ ಎಂದುಕೊಂಡು ಕೈಗೆ ಸಿಕ್ಕಷ್ಟನ್ನು ತೆಗೆದಿದ್ದೆ. ಇನ್ನೆರಡು ಕಡೆ ಒಂದೇ ಹೆಸರಿನ ಎರಡು ಕಡತ ಇದ್ದವು. ತೆರೆದರೆ ಅರ್ಥವಿಲ್ಲದ ಸಾಲುಗಳು. ಅವನ್ನೂ ತೆಗೆದು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದೆ. ಗುಡಿಸಿದ ಕಸವನ್ನು ಮನೆಯೊಳಗೆ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಪಕ್ಕದ ಕೋಣೆಯಲ್ಲಿ ಅತ್ತೆ, ತಾನು ಪೂಜೆಯ ದಿನ ಮುಚ್ಚಳ ತೆಗೆದದ್ದಕ್ಕೇ ಹೀಗಾಯಿತು ಎಂದು ಕೂತಿದ್ದರು. ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಸರಿಮಾಡಿ ಆಮೇಲೆ ಹೇಳೋಣ ಎಂದುಕೊಂಡೆ. ಬರೀ ತಪ್ಪನ್ನು ಹೇಗೆ ತೆಗೆದುಕೊಂಡು ಹೋಗಿ ಅವರ ಮುಂದಿಡುವುದು?

ಇಷ್ಟು ತಿಳಿದ ಮೇಲೆ ದಾರಿ ಕಂಡಿತು. ಸಹಾಯದ ಕಡತಗಳು ಕಳೆದುಹೋಗಿರಲಿಲ್ಲ. ನಾನು ತೆಗೆದ ಆ ಒಂದೇ ಹೆಸರಿನ ಎರಡು ಕಡತಗಳು ಅವುಗಳ ಪದಸೂಚಿ. ಪುಸ್ತಕದ ಕೊನೆಯ ಪದಸೂಚಿ ಹರಿದುಹೋದರೆ ಪುಸ್ತಕ ಓದಲಾಗುವುದಿಲ್ಲವೇ? ಎಡಿಟರನ್ನು ಕೇಳುವುದು ಬಿಟ್ಟು, ಸಹಾಯದ ಫೋಲ್ಡರಿಗೆ ನಾನೇ ಹೋಗಿ, ಆ ಕಡತಗಳನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ಒಂದೊಂದಾಗಿ ತೆರೆದು ಮೊದಲ ಸಾಲಿನಿಂದ ಓದತೊಡಗಿದೆ. ಬೇಳೆ ಬೇಯುವ ತನಕ ಎರಡು ಪುಟ, ಬಟ್ಟೆ ಒಣಹಾಕಿ ಬಂದು ನಾಲ್ಕು ಪುಟ. ಅರ್ಥವಾಗದ್ದನ್ನು ಬಿಟ್ಟು, ಅರ್ಥವಾದದ್ದನ್ನು ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಾಣದ ಕೀಲಿಯ ಗುಟ್ಟು ಸಿಕ್ಕಿತು. ತನ್ನ ಸೆಟ್ಟಿಂಗಿನ ಕಡತ ಕಾಣದಿದ್ದರೆ ಆ ಎಡಿಟರ್, ಬಾಣದ ಕೀಲಿಗಳೇ ಇಲ್ಲದಿದ್ದ ತನ್ನ ಅಜ್ಜನ ಕಾಲಕ್ಕೆ ಹೋಗಿಬಿಡುತ್ತದೆ. ಯಾರೂ ಏನೂ ಹೇಳದಿದ್ದರೆ ಹಳೇ ಪದ್ಧತಿಯೇ ಸರಿ ಎಂದು ನಡೆದುಕೊಳ್ಳುವುದು ನಮ್ಮ ಮನೆಗೂ ಹೊಸದಲ್ಲ. ಹೊಸ ಕಡತ ಮಾಡಿ ಐದು ಸಾಲು ಬರೆದೆ. ಹಳೇ ನಡವಳಿಕೆ ಬೇಡ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಳಿಸು. ಅಕ್ಷರಗಳನ್ನು ಎಲ್ಲ ಭಾಷೆಗೂ ಹೊಂದುವ ಲೆಕ್ಕದಲ್ಲಿ ಓದು. ಅತ್ತೆಯ ಫೋಲ್ಡರಿನಲ್ಲೂ ಸಹಾಯ ಹುಡುಕು. ಎಫ್-2 ಒತ್ತಿದರೆ ಕೇಳು.

ಉಳಿಸಿ, ಎಡಿಟರ್ ತೆರೆದೆ. ಮತ್ತೆ 'ಎ', ಮತ್ತೆ 'ಬಿ'. ಅರ್ಧ ದಿನ ಐದೂ ಸಾಲನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನೋಡಿದೆ. ಒಂದೂ ತಪ್ಪಿಲ್ಲ. ಸಂಜೆ ದೀಪ ಹಚ್ಚುವಾಗ ಹೊಳೆಯಿತು: ಕಡತದ ಹೆಸರಿನ ಮುಂದೆ ನಾನು ಚುಕ್ಕೆ ಇಟ್ಟಿರಲಿಲ್ಲ. ಕಳೆದ ಭಾನುವಾರ ಅಷ್ಟೊಂದು ಚುಕ್ಕೆಗಳನ್ನು ಗುಡಿಸಿ ಹಾಕಿದವಳು ಈಗ ಒಂದು ಚುಕ್ಕೆ ಇಡುವುದನ್ನು ಮರೆತಿದ್ದೆ. ಇಟ್ಟೆ. ಬಾಣ ಒತ್ತಿದೆ. ಬರೆಯುವ ಜಾಗ ತೋರಿಸುವ ಮಿನುಗು ಗೆರೆ ಸದ್ದಿಲ್ಲದೆ ಮೇಲಕ್ಕೆ ಹೋಯಿತು. ಪ್ರಶ್ನೆಚಿಹ್ನೆಗಳ ಜಾಗದಲ್ಲಿ ಚೆಂಡುಹೂ ಬಣ್ಣದ ಕನ್ನಡ ಬಂತು. ಅಡುಗೆಮನೆಗೆ ಹೋಗಿ ಒಬ್ಬಳೇ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಉಳಿದದ್ದು ಪದಸೂಚಿ. ಅದನ್ನು ಕೈಯಲ್ಲಿ ಬರೆಯಬೇಕಿಲ್ಲ, ಒಂದು ಆಜ್ಞೆ ಕೊಟ್ಟರೆ ಎಡಿಟರೇ ಕಡತಗಳನ್ನೆಲ್ಲ ಓದಿ ಹೊಸದಾಗಿ ಮಾಡಿಕೊಳ್ಳುತ್ತದೆ ಎಂದು ಶುಕ್ರವಾರ ಓದಿ ತಿಳಿದೆ. ಅದರದೇ ಕಡತಗಳಿಗೆ ತಕ್ಷಣ ಆಯಿತು. ಅತ್ತೆಯ ಪಟ್ಟಿಗೆ ಮಾತ್ರ ತಕರಾರು ತೆಗೆಯಿತು: 'ಈರುಳ್ಳಿಸಿಪ್ಪೆ' ಎರಡು ಕಡೆ ಇದೆ, ಯಾವುದಕ್ಕೆ ಹೋಗಲಿ? ಹಳೆಯ ಪದಸೂಚಿ ಆದ ಮೇಲೆ ಅತ್ತೆ ಮರೆತು ಅದೇ ಬಣ್ಣವನ್ನು ಇನ್ನೊಮ್ಮೆ ಬರೆದಿದ್ದರು.

ಒಂದನ್ನು ನಾನೇ ಅಳಿಸಬಹುದಿತ್ತು. ಆದರೆ ಈ ಮನೆಯಲ್ಲಿ ಕೇಳದೆ ಅಳಿಸುವ ಕೆಲಸ ಆಗಲೇ ಒಮ್ಮೆ ಮಾಡಿ ಮುಗಿಸಿದ್ದೆ. ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ.

"ಅತ್ತೆ, ಈರುಳ್ಳಿಸಿಪ್ಪೆ ಎರಡು ಸಲ ಬರ್ದಿದೀರಿ. ಯಾವುದನ್ನ ಉಳಿಸ್ಲಿ?"

"ಎರಡು ಸಲಾನಾ? ಸುಳ್ಳು ಹೇಳ್ಬೇಡ."

"ನೀವೇ ಬಂದು ನೋಡಿ."

ಬಂದರು. ಕುರ್ಚಿಯಲ್ಲಿ ಕೂತು ಮುಖ ಒಂದಿಷ್ಟು ಓರೆ ಮಾಡಿದರು. ಹಳದಿ ನೋಡಿ ಏನೂ ಅನ್ನಲಿಲ್ಲ. ಬೈಯಲಿಲ್ಲ ಎಂದರೆ ಮೆಚ್ಚಿದರು ಎಂದೇ ಅರ್ಥ. ನಡುಗುವ ಬೆರಳು ಬಾಣದ ಕೀಲಿಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಒತ್ತಿ ಅತ್ತೆ, ಏನೂ ಆಗಲ್ಲ."

ಒತ್ತಿದರು. ಗೆರೆ ಕೆಳಗಿಳಿಯಿತು. ಇನ್ನೊಮ್ಮೆ, ಮತ್ತೊಮ್ಮೆ. ಮೊದಲನೆಯದನ್ನು ಗಟ್ಟಿಯಾಗಿ ಓದಿದರು: "ಈರುಳ್ಳಿಯ ಹೊರಗಿನ ಒಣಸಿಪ್ಪೆಯ ಬಣ್ಣ." ಎರಡನೆಯದಕ್ಕೆ ಬಂದಾಗ ದನಿ ಬೇರೆಯಾಯಿತು. "ಒಣಸಿಪ್ಪೆ ತೆಗೆದ ಮೇಲೆ ಎರಡನೇ ಪದರ, ಬೆಳಕಿಗೆ ಹಿಡಿದಾಗ ಕಾಣೋದು. ಕಪ್ಪಗಿರೋ ಹುಡುಗಿಗೆ ಒಪ್ಪಲ್ಲ ಅಂತ ತಾಯಂದಿರು ಬೇಡ ಅನ್ನೋರು. ನಾನು ಹುಡುಗಿ ಹೆಗಲ ಮೇಲೆ ಹಾಕಿ ಕನ್ನಡಿ ತೋರಿಸ್ತಿದ್ದೆ. ಒಂದು ಸೀರೇನೂ ವಾಪಸ್ ಬಂದಿಲ್ಲ."

ಓದಿ ನಕ್ಕುಬಿಟ್ಟರು. "ಇದೇ ಇರ್ಲಿ. ಮೊದಲನೇದು ಬರೆಯೋವಾಗ ನಿದ್ದೆ ಮಾಡ್ತಿದ್ದೆ ಅನ್ಸುತ್ತೆ." ಸಾಲು ಅಳಿಸಿದರು, ಅಳಿಯಿತು. ಆಗಲೇ ಹೇಳಿಬಿಟ್ಟೆ. ಕಳೆದ ಭಾನುವಾರದ್ದು, ಚುಕ್ಕೆಗಳದ್ದು, ಬುಧವಾರವೇ ಗೊತ್ತಾಗಿಯೂ ಹೇಳದೆ ಇದ್ದದ್ದು, ಎಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ಆಯುಧಪೂಜೆ ಅಂತ ಹೇಳಿ ಆಯುಧಾನೇ ಗುಡಿಸಿ ಹಾಕಿದ್ಯಾ?"

"ಹೂಂ ಅತ್ತೆ."

"ನಾನು ಮೂರು ದಿನದಿಂದ ಶಿವನ ಹತ್ರ ತಪ್ಪಾಯ್ತು ತಪ್ಪಾಯ್ತು ಅಂತ ಕೆನ್ನೆ ಬಡ್ಕೊಳ್ತಾ ಇದೀನಿ. ಅವನಾದ್ರೂ ಹೇಳ್ಬಾರ್ದಾ, ನಿಂದಲ್ಲ ನಿನ್ನ ಸೊಸೇದು ಅಂತ!"

ಒಳಗಿನಿಂದ ನಮ್ಮ ಯಜಮಾನರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಅತ್ತೆ, "ನೀನು ಸುಮ್ನಿರೋ, ಮಿಕ್ಸಿ ಬಗ್ಗೆ ಮಾತಾಡಿದ್ದು ನಂಗೆ ಕೇಳಿಸ್ಲಿಲ್ಲ ಅಂದ್ಕೋಬೇಡ" ಎಂದು ಅವರ ಬಾಯಿ ಮುಚ್ಚಿಸಿದರು. ನಾನು ಆಜ್ಞೆ ಮತ್ತೆ ಕೊಟ್ಟೆ. ಈ ಸಲ ಎಡಿಟರ್ ಮರುಮಾತಾಡಲಿಲ್ಲ. ಅತ್ತೆ ಎಫ್-2 ಒತ್ತಿ, ಒಂದೊಂದೇ ಅಕ್ಷರ ಹುಡುಕಿ 'ಈರುಳ್ಳಿಸಿಪ್ಪೆ' ಎಂದು ಬರೆದು ಎಂಟರ್ ಹೊಡೆದರು. ಆ ಎರಡನೇ ಪದರ ನೇರವಾಗಿ ಕಣ್ಣೆದುರು ಬಂದು ನಿಂತಿತು. ಅತ್ತೆ ಚಪ್ಪಾಳೆ ಹೊಡೆದರು. ಎಪ್ಪತ್ತೊಂಬತ್ತರ ಹೆಂಗಸು ನಡುಮನೆಯಲ್ಲಿ ಕೂತು ತಾನು ಬರೆದ ಸಾಲಿಗೆ ತಾನೇ ಚಪ್ಪಾಳೆ ಹೊಡೆದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಭಾನುವಾರ ಅತ್ತೆ ಬೀರುವಿನ ಸೀರೆ ಮತ್ತೆ ತೆಗೆದು ಉಟ್ಟರು. ಮಾವಿನಚಿಗುರು ಮೈ, ದಾಳಿಂಬೆ ಅಂಚು. ಕೂಟದಲ್ಲಿ ಹತ್ತು ಬಣ್ಣ ಓದುವುದೆಂದು ಮಾತಾಗಿತ್ತು. ನಾಲ್ಕು ಓದುವಷ್ಟರಲ್ಲಿ ಮುಂದೆ ಕೂತಿದ್ದ ಒಬ್ಬಾಕೆ ಎದ್ದು, "ಅಜ್ಜಿ, ನನ್ ಸೀರೆ ಏನ್ ಬಣ್ಣ ಹೇಳಿ ನೋಡೋಣ" ಅಂದಳು. ಅತ್ತೆಗೆ ಅಷ್ಟು ದೂರದಿಂದ ಆ ಹೆಂಗಸೇ ಸರಿಯಾಗಿ ಕಾಣುತ್ತಿರಲಿಲ್ಲ.

"ಇಲ್ಲಿ ಬಾಮ್ಮ, ಸೆರಗು ಕೊಡು" ಎಂದರು ಅತ್ತೆ. ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖ ಓರೆ ಮಾಡಿ, ಮೂಗಿಗೆ ತಾಗುವಷ್ಟು ಹತ್ತಿರ ತಂದರು. "ಏನಂತ ತಗೊಂಡೆ?"

"ಗ್ರೀನ್ ಅಂದ್ರು."

"ಗ್ರೀನಂತೆ!" ಅತ್ತೆ ಎಫ್-2 ಒತ್ತಿದರು. ಹೆಸರನ್ನು ಬಾಯಲ್ಲಿ ಹೇಳಲಿಲ್ಲ, ಬರೆದರು. ಪರದೆಯ ಮೇಲೆ ರಾಮಾಹಸಿರಿನ ಪುಟ ತೆರೆಯಿತು. ಹೆಂಗಸರೆಲ್ಲ ಎದ್ದು ಲ್ಯಾಪ್‌ಟಾಪಿನ ಸುತ್ತ ನೆರೆದರು. ಆಮೇಲೆ ಓದುವುದು ನಿಂತೇಹೋಯಿತು. ಒಬ್ಬೊಬ್ಬರೇ ಸೆರಗು ಹಿಡಿದುಕೊಂಡು ಸಾಲಿನಲ್ಲಿ ಬಂದರು, ಅತ್ತೆ ಒಂದೊಂದಕ್ಕೂ ಹೆಸರಿಟ್ಟು ಕಳಿಸಿದರು. ಪಟ್ಟಿಯಲ್ಲಿಲ್ಲದ ಎರಡು ಬಣ್ಣ ಸಿಕ್ಕವು. "ನಾಳೆ ಬರೀತೀನಿ, ಸೀರೆ ಕಳ್ಸಿಕೊಡಿ" ಎಂದು ಅತ್ತೆ ಇಬ್ಬರಿಗೂ ಅಪ್ಪಣೆ ಮಾಡಿದರು.

ಸೋಮವಾರ ಬೆಳಿಗ್ಗೆ ನಾನು ಕ್ಯಾಲೆಂಡರಿನಲ್ಲಿ ಹಿಂದಿನ ದಿನದ್ದನ್ನು ಬರೆಯುತ್ತಿದ್ದಾಗ ನಡುಮನೆಯಲ್ಲಿ ಕೀಲಿಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಅತ್ತೆ ಕರೆದು, ಪದಸೂಚಿ ಹೊಸದು ಮಾಡಿಸಿಕೊಂಡು, "ಈಗ ಆಯುಧಪೂಜೆ ಅಂತ ಕೇಳು" ಅಂದರು. ಎಫ್-2 ಒತ್ತಿ ಕೇಳಿದೆ. ಬಣ್ಣಗಳೆಲ್ಲ ಮುಗಿದ ಮೇಲೆ, ಪಟ್ಟಿಯ ಕಟ್ಟಕಡೆಯಲ್ಲಿ, ಹೆಬ್ಬೆರಳಷ್ಟು ದಪ್ಪ ಚೆಂಡುಹೂ ಹಳದಿಯಲ್ಲಿ ಬರೆದಿತ್ತು: 'ಹಿಂದಿನ ದಿನ ಅಟ್ಟ ಗುಡಿಸಬಹುದು. ದೇವರ ಸಾಮಾನು ತೊಳೆಯಬಹುದು. ಇದರ ಹತ್ತಿರ ಸೊಸೆಯ ಕೈಗೆ ಪೊರಕೆ ಕೊಡಬಾರದು.'